ಗಸೆಟ್ ತೂತು ಕೂಡಲಿಲ್ಲ, ಗ್ಯಾಸ್ ಹಿಡಿದು ದೊಡ್ಡದು ಮಾಡಿದ್ದಾರೆ. ಈಗ ಏನು ಮಾಡಲಿ?

ತುಮಕೂರು ಸೈಟ್:
ಎಲ್ಲರಿಗೂ ನಮಸ್ಕಾರ. ತುಮಕೂರಿನ ಹತ್ತಿರ ಒಂದು ಗೋದಾಮಿನ ಶೆಡ್ ಏಳುತ್ತಿದೆ. 24 ಮೀಟರ್ ಸ್ಪ್ಯಾನ್, 6 ಮೀಟರಿಗೊಂದು ಫ್ರೇಮ್. ನಾನು ಅಲ್ಲಿ ಸೈಟ್ ಎಂಜಿನಿಯರ್, ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು. ನಿನ್ನೆ ಗೋಡೆಯ ಬ್ರೇಸಿಂಗ್ (ಫ್ರೇಮ್ ವಾಲದಂತೆ ಹಿಡಿಯುವ ಓರೆ ಕಂಬಿ) ಕೂರಿಸುವಾಗ ಗಸೆಟ್ ಪ್ಲೇಟಿನ (ಬ್ರೇಸಿಂಗನ್ನು ಫ್ರೇಮಿಗೆ ಜೋಡಿಸುವ ಉಕ್ಕಿನ ಪ್ಲೇಟು) ತೂತಿಗೂ ಆಂಗಲ್ಲಿನ (ಎಲ್ ಆಕಾರದ ಉಕ್ಕು) ತೂತಿಗೂ 6-7 ಮಿಮೀ ವ್ಯತ್ಯಾಸ ಬಂತು. ಇನ್ನೊಂದು ಕಡೆ ಗ್ರೌಟ್ ನೋಡಿಕೊಂಡು ನಾನು ವಾಪಸ್ ಬರುವಷ್ಟರಲ್ಲಿ ಇರೆಕ್ಷನ್ (ಉಕ್ಕು ಎತ್ತಿ ಜೋಡಿಸುವ) ತಂಡದವರು ಗ್ಯಾಸ್ ಕಟರ್‌ನಲ್ಲಿ ತೂತುಗಳನ್ನು ಉದ್ದ ಎಳೆದು, ದೊಡ್ಡ ವಾಷರ್ ಹಾಕಿ ಬಿಗಿದುಬಿಟ್ಟಿದ್ದರು. ಐದು ಜಾಯಿಂಟ್, ಒಟ್ಟು 11 ತೂತು. ಮೂರು ಕಡೆ ಗಸೆಟ್ ಕೊರೆದಿದ್ದಾರೆ, ಎರಡು ಕಡೆ ಆಂಗಲ್.

ವಿವರ ಇದು: ಆಂಗಲ್ 75x75x6, ಗಸೆಟ್ 8 ಮಿಮೀ, ಪ್ರತಿ ತುದಿಗೆ ಎಂ20 (20 ಮಿಮೀ ವ್ಯಾಸ) ಗ್ರೇಡ್ 8.8 ಬೋಲ್ಟು ಮೂರು, ಪಿಚ್ (ಬೋಲ್ಟಿನಿಂದ ಬೋಲ್ಟಿಗೆ ದೂರ) 60 ಮಿಮೀ, ತುದಿಯಿಂದ 40. ಡ್ರಾಯಿಂಗ್‌ನಲ್ಲಿ ಬ್ರೇಸಿಂಗ್ ಬಲ 110 ಕಿಲೋನ್ಯೂಟನ್, ಸುರಕ್ಷತೆಯ ಫ್ಯಾಕ್ಟರ್ ಸೇರಿಸಿಯೇ.

ಇನ್ನೊಂದು ತಲೆನೋವು. ಸ್ಟೋರ್‌ನಲ್ಲಿರುವ ಬೋಲ್ಟುಗಳ ತಲೆ ಮೇಲೆ ಯಾವ ಗುರುತೂ ಇಲ್ಲ. ಮೇಸ್ತ್ರಿಯವರು 'ಇದು ಎಚ್‌ಟಿ ಬೋಲ್ಟೇ ಸಾರ್, 20 ವರ್ಷದಿಂದ ಹೀಗೇ ಮಾಡ್ತಿದೀವಿ' ಅನ್ನುತ್ತಾರೆ. ಎಚ್‌ಟಿ ಅಂದರೆ ಹೈ ಟೆನ್ಸೈಲ್, ಹೆಚ್ಚು ಶಕ್ತಿಯ ಬೋಲ್ಟು. ಅವರ ಅನುಭವಕ್ಕೆ ನನಗೆ ಗೌರವ ಇದೆ. ಆದರೆ ಸಹಿ ಹಾಕಬೇಕಾದವನು ನಾನು. ರಾತ್ರಿ ನಿದ್ದೆ ಬರಲಿಲ್ಲ. ದಯವಿಟ್ಟು ಹೇಳಿ.

ಪೀಣ್ಯ ಫ್ಯಾಬ್ರಿಕೇಷನ್:
ಮೊದಲು ಒಂದು ಕೇಳುತ್ತೇನೆ. ಕಾಲಂ ಪ್ಲಂಬ್ (ನೆಟ್ಟಗೆ ನಿಂತಿದೆಯಾ ಅಂತ) ನೋಡಿದ್ದೀರಾ? ಒಂದೆರಡು ತೂತು ತಪ್ಪಿದರೆ ಅದು ವರ್ಕ್‌ಶಾಪಿನ ತಪ್ಪು. ಒಂದೇ ಬೇಯಲ್ಲಿ (ಎರಡು ಫ್ರೇಮಿನ ನಡುವಿನ ಜಾಗ) ಎಲ್ಲಾ ತೂತೂ ಒಂದೇ ದಿಕ್ಕಿಗೆ 6-7 ಮಿಮೀ ಸರಿದಿದ್ದರೆ ಮಾತ್ರ ನನ್ನ ಅನುಮಾನ ಕಾಲಂ ಮೇಲೆ. ಫ್ರೇಮ್ ವಾಲಿಕೊಂಡಿರುತ್ತದೆ, ನಾವು ತೂತನ್ನು ಬೈಯುತ್ತಿರುತ್ತೇವೆ. ಥಿಯೋಡೊಲೈಟ್ ಇಲ್ಲದಿದ್ದರೆ ತೂಕದ ಗುಂಡು ಇಳಿಬಿಟ್ಟಾದರೂ ನೋಡಿ. ಗಾಳಿ ಇಲ್ಲದ ಬೆಳಿಗ್ಗೆ ನೋಡಿ, ಗುಂಡನ್ನು ಬಕೆಟ್ ನೀರಲ್ಲಿ ಮುಳುಗಿಸಿದರೆ ಅಲ್ಲಾಡುವುದು ಬೇಗ ನಿಲ್ಲುತ್ತದೆ. ವಾಲಿದ್ದರೆ ಆ ಬೇಯ ಬೋಲ್ಟುಗಳನ್ನು ಸಡಿಲಿಸಿ, ಗೈ ರೋಪ್ (ಫ್ರೇಮನ್ನು ಎಳೆದು ಹಿಡಿಯುವ ಹಗ್ಗ) ಕಟ್ಟಿ, ಎಳೆದು ನೇರ ಮಾಡಿ, ಆಮೇಲೆ ಬ್ರೇಸಿಂಗ್ ಮುಟ್ಟಿ.

ಇದನ್ನು ನೋಡದೆ ತೂತು ಸರಿ ಮಾಡಿದರೆ ವಾಲಿದ ಫ್ರೇಮನ್ನೇ ಬ್ರೇಸಿಂಗ್ ಹಾಕಿ ಗಟ್ಟಿ ಮಾಡಿದಂತೆ.

ಹಳೇ ಡಿಸೈನರ್:
ಪೀಣ್ಯದವರು ಹೇಳಿದ್ದು ನೂರಕ್ಕೆ ನೂರು ಸರಿ, ಅದು ಮೊದಲು ಆಗಲಿ. ನಿದ್ದೆ ಬರಲಿಲ್ಲ ಅಂದಿರಿ, ಒಳ್ಳೆಯ ಎಂಜಿನಿಯರ್ ಆಗುತ್ತೀರಿ. ನಿಮ್ಮ ಜಾಯಿಂಟನ್ನು ಐಎಸ್ 800:2007 (ಭಾರತದ ಉಕ್ಕಿನ ಕಟ್ಟಡಗಳ ಕೋಡ್) ಪ್ರಕಾರ ಲೆಕ್ಕ ಹಾಕೋಣ, ಯಾವುದು ಎಲ್ಲಿ ಸೋಲುತ್ತದೆ ಅಂತ ಕಣ್ಣಿಗೆ ಕಾಣುತ್ತದೆ.

ಎಂ20 ಬೋಲ್ಟಿನ ಥ್ರೆಡ್ ಭಾಗದ ವಿಸ್ತೀರ್ಣ 245 ಚದರ ಮಿಮೀ. ಗ್ರೇಡ್ 8.8 ಅಂದರೆ ಎಳೆತದ ಶಕ್ತಿ 800 ಮೆಗಾಪಾಸ್ಕಲ್. ಅದನ್ನು ರೂಟ್ 3ರಿಂದ ಭಾಗಿಸಿ, 245ರಿಂದ ಗುಣಿಸಿ, ಮತ್ತೆ ಸುರಕ್ಷತೆಗೆ 1.25ರಿಂದ ಭಾಗಿಸಿದರೆ ಒಂದು ಬೋಲ್ಟಿನ ಶಿಯರ್ ಶಕ್ತಿ (ಅಡ್ಡಕ್ಕೆ ತುಂಡಾಗದೆ ತಡೆಯುವ ಬಲ) 90.5 ಕಿಲೋನ್ಯೂಟನ್. ಮೂರಕ್ಕೆ 271. ನೋಡಲು ಬೇಕಾದಷ್ಟಿದೆ, ಅಲ್ವಾ? ಆದರೆ ಬೋಲ್ಟು ಒತ್ತುವುದು 6 ಮಿಮೀ ಆಂಗಲ್ ಮೇಲೆ. ತುದಿಯ ದೂರ 40, ತೂತು 22, ಹಾಗಾಗಿ ಕೆಬಿ (ಬೇರಿಂಗ್ ಲೆಕ್ಕದ ಗುಣಾಂಕ) 0.606. ಬೇರಿಂಗ್ (ಬೋಲ್ಟು ಒತ್ತುವಾಗ ತೂತಿನ ಅಂಚು ತಡೆಯುವ ಬಲ) ಒಂದಕ್ಕೆ ಸುಮಾರು 59.6, ಮೂರಕ್ಕೆ 179. ಇನ್ನು ಬ್ಲಾಕ್ ಶಿಯರ್ ಹಾಕಿದರೆ 155 ಕಿಲೋನ್ಯೂಟನ್. ಇದೇ ಎಲ್ಲಕ್ಕಿಂತ ಕಡಿಮೆ. ಅಂದರೆ ಬೋಲ್ಟು ಎಷ್ಟೇ ಗಟ್ಟಿ ಇರಲಿ, ನಿಮ್ಮ ಜಾಯಿಂಟಿನ ಬೆಲೆ 155. ಆಂಗಲ್ಲಿನ ತುದಿ ಒಂದು ತುಂಡಾಗಿ ಕಿತ್ತು ಬರುವ ಬಲ ಅದು. ತುಂಬಾ ಜನ ಬೋಲ್ಟಿನ ಲೆಕ್ಕ ಮುಗಿಸಿ ಪೆನ್ ಇಟ್ಟುಬಿಡುತ್ತಾರೆ. ನಾನೂ ಮೊದಲ ಐದಾರು ವರ್ಷ ಹಾಗೇ ಮಾಡಿದ್ದೆ.

110 ಬೇಕು, 155 ಇದೆ. ತೂತು ಸರಿ ಇದ್ದಿದ್ದರೆ ಈ ಜಾಯಿಂಟ್ ಚೆನ್ನಾಗಿತ್ತು.

ಈಗ ಗ್ಯಾಸ್ ಎಳೆದ ತೂತು. ತೊಂದರೆ ಒಂದಲ್ಲ, ಮೂರು. ಬಲದ ದಿಕ್ಕಿನಲ್ಲಿ ತೂತು ಉದ್ದವಾಗಿದ್ದರೆ ಆ ಬೋಲ್ಟು 6-7 ಮಿಮೀ ಜಾರುವ ತನಕ ಪ್ಲೇಟನ್ನು ಮುಟ್ಟುವುದೇ ಇಲ್ಲ. ಅಷ್ಟರಲ್ಲಿ ಪಕ್ಕದ ಸರಿ ತೂತಿನ ಬೋಲ್ಟು ಪೂರ್ತಿ ಭಾರ ಹೊತ್ತಿರುತ್ತದೆ. ಮೂರು ಬೋಲ್ಟು ಸಮಪಾಲು ಹಂಚಿಕೊಳ್ಳುತ್ತವೆ ಅನ್ನುವುದು ನಮ್ಮ ಲೆಕ್ಕದ ಅಡಿಪಾಯ, ಅದೇ ಹೋಯಿತು. ಎರಡನೆಯದು, ಅಡ್ಡಕ್ಕೆ ಅಗಲವಾಗಿದ್ದರೆ ಉಳಿದ ಕಬ್ಬಿಣ ಕಡಿಮೆ. ಆಂಗಲ್ಲಿನಲ್ಲಿ ತೂತಿನ ಮಧ್ಯದಿಂದ ಅಂಚಿಗೆ 35 ಮಿಮೀ ಮಾತ್ರ ಇರುತ್ತದೆ, ಅದರಲ್ಲೂ ಕಚ್ಚಿದರೆ ಏನು ಉಳಿಯುತ್ತದೆ. ಮೂರನೆಯದು, ಕೈಯಲ್ಲಿ ಹಿಡಿದ ಟಾರ್ಚ್ ಬಿಡುವ ಹಲ್ಲು ಹಲ್ಲಾದ ಅಂಚು. ಬಿರುಕು ಹುಟ್ಟುವುದು ಅಲ್ಲೇ.

ದೊಡ್ಡ ವಾಷರ್ ತೂತನ್ನು ಮುಚ್ಚುತ್ತದೆ, ಭಾರ ಹೊರುವುದಿಲ್ಲ.

ಬೋಲ್ಟಿನ ವಿಷಯ. 8.8 ಆಗಿದ್ದರೆ ತಲೆ ಮೇಲೆ 8.8 ಅಂತ ಇರಬೇಕು, ತಯಾರಕರ ಗುರುತೂ ಇರಬೇಕು, ನಟ್ಟಿನ ಮೇಲೆ 8 ಇರಬೇಕು. ಅದು 4.6 ಆಗಿದ್ದರೆ ಒಂದಕ್ಕೆ 45.3, ಮೂರಕ್ಕೆ 136. 110ಕ್ಕೆ ಸಾಕಾಗುತ್ತದಲ್ಲ ಅನ್ನಬಹುದು. ಆದರೆ ಗುರುತಿಲ್ಲದ ಬೋಲ್ಟನ್ನು 4.6 ಅಂತಲೂ ನಂಬಬೇಡಿ. ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಕೊಡದಿದ್ದರೆ ವಾಪಸ್ ಕಳಿಸಿ.

ಡಿಪ್ಲೊಮಾ ಫೈನಲ್:
ಸರ್, ಒಂದು ಸಣ್ಣ ಪ್ರಶ್ನೆ. 20 ಮಿಮೀ ಬೋಲ್ಟಿನ ವಿಸ್ತೀರ್ಣ 314 ಅಲ್ವಾ? ನೀವು 245 ಯಾಕೆ ಹಿಡಿದಿರಿ? ನಮ್ಮ ಕಾಲೇಜಿನಲ್ಲಿ ಕೆಲವು ಲೆಕ್ಕಗಳಲ್ಲಿ 314 ಹಾಕುತ್ತಾರೆ. ಇನ್ನೊಂದು, ಸೈಟಿನಲ್ಲಿ ತೂತು ಕೂಡದಿದ್ದರೆ ರೀಮ್ ಮಾಡಿ (ತೂತನ್ನು ನಯವಾಗಿ ಕೊರೆದು ದೊಡ್ಡದು ಮಾಡಿ) ಎಂ24 ಹಾಕಬಹುದು ಅಂತ ಓದಿದ್ದೆ. ಇಲ್ಲಿ ಆಗಲ್ವಾ?

ಹಳೇ ಡಿಸೈನರ್:
ಎರಡು ಪ್ಲೇಟ್ ಸೇರುವ ಜಾಗದಲ್ಲಿ ಬೋಲ್ಟಿನ ನಯವಾದ ಭಾಗ ಬಂದರೆ 314, ಥ್ರೆಡ್ ಬಂದರೆ 245. ಇಲ್ಲಿ 6 ಮತ್ತು 8 ಸೇರಿ ದಪ್ಪ ಬರೀ 14 ಮಿಮೀ. ಬೋಲ್ಟಿನ ಉದ್ದ 45 ಮಿಮೀ ಇದ್ದರೆ ಸಾಕು. ಅಷ್ಟು ಗಿಡ್ಡ ಬೋಲ್ಟಿನಲ್ಲಿ ಥ್ರೆಡ್ ಹೆಚ್ಚುಕಡಿಮೆ ತಲೆಯ ತನಕ ಇರುತ್ತದೆ. ಅದಕ್ಕೇ ತೆಳು ಪ್ಲೇಟಿನ ಕೆಲಸದಲ್ಲಿ ಯೋಚನೆ ಮಾಡದೆ 245 ಹಿಡಿಯಿರಿ.

ಎಂ24 ಯೋಚನೆ ಒಳ್ಳೆಯದು, ಎಷ್ಟೋ ಕಡೆ ನಾನೇ ಮಾಡಿಸಿದ್ದೇನೆ. ಆದರೆ ಇಲ್ಲಿ ಕೂರುವುದಿಲ್ಲ. ಎಂ24ಕ್ಕೆ ತೂತು 26. ರೋಲ್ ಆದ ಅಂಚಿಗೆ ಕನಿಷ್ಠ ದೂರ ತೂತಿನ ಒಂದೂವರೆ ಪಟ್ಟು, ಅಂದರೆ 39 ಮಿಮೀ ಬೇಕು. ನಮ್ಮಲ್ಲಿ ಇರುವುದು 35. ಅಗಲದ ಆಂಗಲ್ ಆಗಿದ್ದರೆ ನೋಡಬಹುದಿತ್ತು.

ತುಮಕೂರು ಸೈಟ್:
ಪೀಣ್ಯದ ಸರ್, ನಿಮಗೆ ಹೇಗೆ ಗೊತ್ತಾಯಿತು! ಬೆಳಿಗ್ಗೆ ಆರು ಗಂಟೆಗೇ ಹೋಗಿ ನೋಡಿದೆ. ಎರಡು ಕಾಲಂ ಶೆಡ್ಡಿನ ಉದ್ದದ ದಿಕ್ಕಿಗೆ ವಾಲಿವೆ, ಮೇಲ್ಗಡೆ ಅಳೆದರೆ 9 ಮಿಮೀ. ನಮ್ಮ ಶೆಡ್ಡಿನ ಡಿಸೈನರ್‌ಗೆ ಫೋನ್ ಮಾಡಿದೆ, ಫೋಟೋ ಕಳಿಸಿದೆ. ಮುಂದಿನ ಬೇ ಕೆಲಸ ನಿಲ್ಲಿಸಿದ್ದೇನೆ.

ಕಂಟ್ರಾಕ್ಟರ್ ಕಡೆಯವರು ಈಗ ಹೊಸ ಮಾತು ಹೇಳುತ್ತಿದ್ದಾರೆ. ಕಾಲಂ ನೇರ ಮಾಡಿ, ಬೋಲ್ಟು ಹಾಗೇ ಇರಲಿ, ಸುತ್ತ ಸ್ವಲ್ಪ ವೆಲ್ಡಿಂಗ್ ಹೊಡೆದುಬಿಡೋಣ, ಎರಡೂ ಸೇರಿ ಹಿಡಿಯುತ್ತವೆ ಅಂತ. ನಟ್ಟು ಬಿಚ್ಚಿಕೊಳ್ಳದ ಹಾಗೆ ಬೋಲ್ಟಿಗೂ ಒಂದು ಟ್ಯಾಕ್ (ಚುಕ್ಕಿ ವೆಲ್ಡ್) ಹಾಕುತ್ತಾರಂತೆ. ಸರಿಯೇ?

ಹಳೇ ಡಿಸೈನರ್:
ಎರಡೂ ಸೇರಿ ಹಿಡಿಯುವುದಿಲ್ಲ. ಇದನ್ನು ದಯವಿಟ್ಟು ಗಟ್ಟಿಯಾಗಿ ಹೇಳಿ. ವೆಲ್ಡ್ ಬಿಗಿ, ಜಾರುವುದಿಲ್ಲ. ಬೋಲ್ಟು ತೂತಿನ ಸಂದಿಯಷ್ಟು ಜಾರಿದ ಮೇಲೆ ಮಾತ್ರ ಭಾರ ತೆಗೆದುಕೊಳ್ಳುತ್ತದೆ. ಹಾಗಾಗಿ ಮೊದಲಿಗೆ ಪೂರ್ತಿ ಬಲ ವೆಲ್ಡಿಗೆ. ಸ್ವಲ್ಪ ಹೊಡೆದ ವೆಲ್ಡ್ ಹರಿಯುತ್ತದೆ, ಆಮೇಲೆ ಜಾಳಾದ ಬೋಲ್ಟಿನ ಸರದಿ. ಒಂದಾದ ಮೇಲೆ ಒಂದು ಸೋಲುತ್ತವೆ.

ವೆಲ್ಡ್ ಮಾಡುವುದೇ ಆದರೆ ವೆಲ್ಡ್ ಒಂದೇ 110ನ್ನೂ ಹೊರಬೇಕು. ಅದು ಕಷ್ಟವೇನಲ್ಲ. 6 ಮಿಮೀ ಆಂಗಲ್ಲಿನ ದುಂಡು ಅಂಚಿಗೆ 4 ಮಿಮೀ ಫಿಲೆಟ್ (ಮೂಲೆಗೆ ತುಂಬುವ ವೆಲ್ಡ್) ಕೂರುತ್ತದೆ. ಸೈಟ್ ವೆಲ್ಡಿಗೆ ಕೋಡ್ 1.5 ಫ್ಯಾಕ್ಟರ್ ಕೇಳುತ್ತದೆ, ವರ್ಕ್‌ಶಾಪ್ ವೆಲ್ಡಿಗೆ 1.25 ಸಾಕು. 1.5 ಹಿಡಿದರೂ ಒಂದು ಮಿಮೀ ಉದ್ದಕ್ಕೆ ಸುಮಾರು 440 ನ್ಯೂಟನ್ ಸಿಗುತ್ತದೆ. 110 ಕಿಲೋನ್ಯೂಟನ್ನಿಗೆ 250 ಮಿಮೀ ಉದ್ದ. ಆಂಗಲ್ ಗಸೆಟ್ ಮೇಲೆ ಎಷ್ಟು ಕೂತಿದೆ ನೋಡಿ, ಎರಡೂ ಬದಿ ಸೇರಿಸಿದರೆ ಸಿಗುತ್ತದೆ. ಬೆನ್ನಿನ ಕಡೆ ಜಾಸ್ತಿ ಉದ್ದ ಬರಬೇಕು, ಬಲದ ಗೆರೆ ಅಲ್ಲಿಗೇ ಹತ್ತಿರ. ಬಣ್ಣ ಕೆರೆದು ಬಿಳಿ ಕಬ್ಬಿಣ ಕಾಣಿಸಿ, ಒಳ್ಳೆ ವೆಲ್ಡರ್ ಹಿಡಿದು ಮಾಡಿಸಿ. ಬರೆದುಕೊಡುವವರು ನಿಮ್ಮ ಡಿಸೈನರ್ ಆಗಿರಲಿ, ನಾನಲ್ಲ.

8.8 ಬೋಲ್ಟಿಗೆ ಟ್ಯಾಕ್ ಬೇಡವೇ ಬೇಡ. ಕಾಯಿಸಿ, ಅದ್ದಿ, ಹದ ಮಾಡಿ ಆ ಶಕ್ತಿ ಬರಿಸಿರುತ್ತಾರೆ. ವೆಲ್ಡಿಂಗ್ ಬಿಸಿಗೆ ಆ ಹದ ಕೆಡುತ್ತದೆ.

ಇನ್ನೊಂದು ಮಾತು ಹೇಳಬೇಕು ಅನಿಸುತ್ತಿದೆ. 'ಸಣ್ಣ ಬದಲಾವಣೆ' ಅನ್ನುವ ಪದ ಕೇಳಿದಾಗಲೆಲ್ಲ ನನಗೆ ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲ್ ನೆನಪಾಗುತ್ತದೆ. ಅಲ್ಲಿ ಎರಡನೇ ಮತ್ತು ನಾಲ್ಕನೇ ಮಹಡಿಯ ನಡೆದಾರಿಗಳನ್ನು ಚಾವಣಿಯಿಂದ ರಾಡಿನಲ್ಲಿ ತೂಗುಹಾಕಿದ್ದರು. ಮೂಲ ಡ್ರಾಯಿಂಗ್‌ನಲ್ಲಿ ಒಂದೇ ಉದ್ದ ರಾಡ್ ಎರಡೂ ನಡೆದಾರಿ ಹಾದು ಹೋಗುತ್ತಿತ್ತು. ಅಷ್ಟುದ್ದ ಥ್ರೆಡ್ ಹಾಕಿ ನಟ್ಟು ತಿರುಗಿಸುವುದು ಕಷ್ಟ ಅಂತ ಫ್ಯಾಬ್ರಿಕೇಷನ್ ಹಂತದಲ್ಲಿ ಅದನ್ನು ಎರಡು ರಾಡ್ ಮಾಡಿದರು. ಮೇಲಿನ ರಾಡ್ ನಾಲ್ಕನೇ ಮಹಡಿಯ ಬೀಮಿಗೆ, ಕೆಳಗಿನ ರಾಡ್ ಅದೇ ಬೀಮಿನಿಂದ ಕೆಳಗೆ. ರಾಡಿಗೆ ಏನೂ ಆಗಲಿಲ್ಲ. ಆದರೆ ನಾಲ್ಕನೇ ಮಹಡಿಯ ಬೀಮಿನ ಕೆಳಗಿದ್ದ ನಟ್ಟಿಗೆ ಎರಡು ನಡೆದಾರಿಗಳ ಭಾರ ಬಂತು, ಡಬಲ್. ಆ ಬದಲಾವಣೆಯ ಲೆಕ್ಕವನ್ನು ಯಾರೂ ಹಾಕಿ ನೋಡಲಿಲ್ಲ. 1981ರ ಜುಲೈ 17ರ ಸಂಜೆ ನಟ್ಟು ಬೀಮನ್ನು ಹರಿದುಕೊಂಡು ಹೊರಬಂತು. 114 ಜನ ಸತ್ತರು.

ನಿಮ್ಮ ಶೆಡ್ಡಿಗೂ ಅದಕ್ಕೂ ಹೋಲಿಕೆ ಮಾಡಿ ಹೆದರಿಸುತ್ತಿಲ್ಲ. ಆದರೆ ಜಾಯಿಂಟಿನಲ್ಲಿ ಏನೇ ಬದಲಾದರೂ ಆ ಕಾಗದ ಡಿಸೈನರ್ ಮೇಜಿಗೆ ಹೋಗಿ ಲೆಕ್ಕ ಆಗಿ ವಾಪಸ್ ಬರಬೇಕು. ನೀವು ಫೋಟೋ ಕಳಿಸಿದ್ದು ತುಂಬಾ ಒಳ್ಳೆಯ ಕೆಲಸ.

ಮ್ಯೂನಿಕ್ ಕನ್ನಡಿಗ:
ನಾನು ಇಲ್ಲಿ ಜರ್ಮನಿಯಲ್ಲಿ ಸ್ಟೀಲ್ ಡಿಟೇಲಿಂಗ್ ಮಾಡುತ್ತೇನೆ. ನಿಮ್ಮ ಡ್ರಾಯಿಂಗ್‌ನಲ್ಲಿ ಬೋಲ್ಟು ಬೇರಿಂಗ್ ಬಗೆಯೋ, ಘರ್ಷಣೆಯ ಮೇಲೆ ನಿಲ್ಲುವ ಬಗೆಯೋ ಅಂತ ಬರೆದಿದ್ದಾರಾ? ಯುರೋಪಿನ ಕೋಡ್ ಆದ ಯೂರೋಕೋಡ್‌ನಲ್ಲಿ ಶಿಯರ್ ಜಾಯಿಂಟಿಗೆ ಎ, ಬಿ, ಸಿ ಅಂತ ಮೂರು ವರ್ಗ ಇದೆ. ಎ ಅಂದರೆ ಬೇರಿಂಗ್, ಬಿ ಮತ್ತು ಸಿ ಅಂದರೆ ಜಾರಬಾರದು. ವರ್ಗ ಬರೆಯದೆ ಡ್ರಾಯಿಂಗ್ ಕಳಿಸಿದರೆ ನಮ್ಮಲ್ಲಿ ವಾಪಸ್ ಬರುತ್ತದೆ. ಊರಿನ ಎಷ್ಟೋ ಡ್ರಾಯಿಂಗ್ ನೋಡಿದ್ದೇನೆ, ಬರೀ '8.8' ಅಂತ ಬರೆದು ಬಿಟ್ಟಿರುತ್ತಾರೆ. ಆಗ ಸೈಟಿನವರು ಎಷ್ಟು ಬಿಗಿಯಬೇಕು ಅಂತ ಹೇಗೆ ತಿಳಿಯಬೇಕು?

ಹಳೇ ಡಿಸೈನರ್:
ಬಹಳ ಮುಖ್ಯ ವಿಷಯ ಎತ್ತಿದಿರಿ. ಅದೇ ಎಂ20 8.8 ಬೋಲ್ಟನ್ನು ಘರ್ಷಣೆಯ ಲೆಕ್ಕದಲ್ಲಿ ಹಿಡಿದರೆ ಎಷ್ಟು ಬದಲಾಗುತ್ತದೆ ನೋಡಿ. ಪೂರ್ತಿ ಬಿಗಿದಾಗ ಒಳಗೆ 137 ಕಿಲೋನ್ಯೂಟನ್ ಎಳೆತ ಇರಬೇಕು. ಮುಟ್ಟದೆ ಬಿಟ್ಟ ಮೇಲ್ಮೈಗೆ ಐಎಸ್ 800 ಕೊಡುವ ಘರ್ಷಣೆ ಅಂಕಿ 0.20. ಆಗ ಒಂದು ಬೋಲ್ಟಿಗೆ ಬರೀ 22 ಕಿಲೋನ್ಯೂಟನ್. ಶಾಟ್ ಬ್ಲಾಸ್ಟ್ ಮಾಡಿ ತುಕ್ಕು ತೆಗೆದಿದ್ದರೆ 0.50, ಆಗ 55. ಬೇರಿಂಗ್ ಬಗೆಯಲ್ಲಿ ಹಿಡಿದ ಬೋಲ್ಟಿನ ಶಿಯರ್ ಶಕ್ತಿ 90ಕ್ಕೂ ಈ 22ಕ್ಕೂ ಎಷ್ಟು ದೂರ! ಒಂದೇ ಬೋಲ್ಟು, ಒಂದೇ ಪ್ಲೇಟು.

ಸಾಮಾನ್ಯ ಗೋದಾಮಿನ ಬ್ರೇಸಿಂಗ್ ಬೇರಿಂಗ್ ಬಗೆ ಆದರೆ ಸಾಕು. 1-2 ಮಿಮೀ ಜಾರಿದರೆ ಏನೂ ಆಗುವುದಿಲ್ಲ. ಕ್ರೇನ್ ಗರ್ಡರ್, ಕಂಪನ ಇರುವ ಯಂತ್ರ, ಬಲ ಹಿಂದೆ ಮುಂದೆ ತಿರುಗುತ್ತಲೇ ಇರುವ ಜಾಗ, ಇಲ್ಲಿ ಜಾರಬಾರದು.

ಕರಾವಳಿ ಸ್ಟೀಲ್:
ನಮ್ಮ ಮಂಗಳೂರು ಕಡೆಯ ಕಷ್ಟ ಬೇರೆ. ಉಪ್ಪು ಗಾಳಿ, ನಾಲ್ಕು ತಿಂಗಳು ಮಳೆ. ಗಾಳಿಯ ವೇಗವೂ ನಿಮಗಿಂತ ಜಾಸ್ತಿ ಹಿಡಿಯಬೇಕು, ಕೋಡ್‌ನಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ನಮಗೆ 39. ಬಲ ಏರುವುದು ವೇಗದ ವರ್ಗಕ್ಕೆ (ವೇಗ ಗುಣಿಸು ವೇಗ), ಹಾಗಾಗಿ ಸುಮಾರು 40 ಪರ್ಸೆಂಟ್ ಹೆಚ್ಚು. ಇಲ್ಲಿ ಮಾಲೀಕರು ಎಲ್ಲವನ್ನೂ ಗ್ಯಾಲ್ವನೈಸ್ (ಸತುವಿನ ಲೇಪ) ಮಾಡಿಸಿ ಅನ್ನುತ್ತಾರೆ, ಬೋಲ್ಟು ಕೂಡ ಇನ್ನೂ ಗಟ್ಟಿಯಾದ 10.9 ಹಾಕಿ ಗ್ಯಾಲ್ವನೈಸ್ ಮಾಡಿಸಿ ಅಂತ. ಮಾಡಿಸಬಹುದಾ?

ಮ್ಯೂನಿಕ್ ಕನ್ನಡಿಗ:
ಎಚ್ಚರಿಕೆಯಿಂದ ಮಾಡಿಸಬೇಕು ಸರ್. ಬೋಲ್ಟು ಗಟ್ಟಿಯಾದಷ್ಟೂ ಹೈಡ್ರೋಜನ್‌ಗೆ ಸೂಕ್ಷ್ಮ. ಗ್ಯಾಲ್ವನೈಸಿಂಗ್‌ಗೆ ಮೊದಲು ಆಸಿಡ್‌ನಲ್ಲಿ ಅದ್ದುವಾಗ ಹೈಡ್ರೋಜನ್ ಒಳಗೆ ಸೇರಬಹುದು. ಆಮೇಲೆ ತೇವದಲ್ಲಿ ತುಕ್ಕು ಹಿಡಿಯುವಾಗಲೂ ಸೇರಬಹುದು. ಬಿಗಿದು ಕೆಲವು ದಿನ ಆದ ಮೇಲೆ ಬೋಲ್ಟು ತಾನಾಗಿ ಪಟ್ ಅಂತ ಮುರಿಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಹೊಸ ಬೇ ಬ್ರಿಡ್ಜ್‌ನಲ್ಲಿ 2013ರ ಮಾರ್ಚ್‌ನಲ್ಲಿ ಹಾಗೇ ಆಯಿತು. ಮೂರು ಇಂಚು ದಪ್ಪದ ಗ್ಯಾಲ್ವನೈಸ್ ಆದ ರಾಡುಗಳು, ಬಿಗಿದ 96ರಲ್ಲಿ 32 ಮುರಿದವು. ಶೆಡ್ಡಿಗೆ 8.8 ಸಾಕಾಗುವ ಕಡೆ 8.8 ಗ್ಯಾಲ್ವನೈಸ್ ತೆಗೆದುಕೊಳ್ಳಿ, ತಯಾರಕರೇ ಮಾಡಿ ಕೊಡುವುದನ್ನು. ಲೇಪವಿಲ್ಲದ ಕಪ್ಪು ಬೋಲ್ಟು ತಂದು ಊರಿನ ಅಂಗಡಿಯಲ್ಲಿ ಅದ್ದಿಸಬೇಡಿ. ನಟ್ಟಿನ ಥ್ರೆಡ್ ಕೂಡ ಆ ಪದರಕ್ಕೆ ಜಾಗ ಬಿಟ್ಟು ಕೊರೆದಿರಬೇಕು, ಇಲ್ಲದಿದ್ದರೆ ತಿರುಗುವುದೇ ಇಲ್ಲ.

ಹಳೇ ಡಿಸೈನರ್:
ಜೊತೆಗೆ ಗ್ಯಾಲ್ವನೈಸ್ ಆದ ಮೇಲ್ಮೈಗೆ ಕೋಡ್‌ನ ಘರ್ಷಣೆ ಅಂಕಿ 0.10 ಮಾತ್ರ. ಮೇಲೆ ಹೇಳಿದ 22 ಇನ್ನೂ ಅರ್ಧ ಆಗಿ 11ಕ್ಕೆ ಇಳಿಯುತ್ತದೆ. ಕರಾವಳಿಯವರು ಕ್ರೇನ್ ಶೆಡ್ ಮಾಡುವಾಗ ಇದನ್ನು ಮರೆಯಬೇಡಿ.

ಪೀಣ್ಯ ಫ್ಯಾಬ್ರಿಕೇಷನ್:
ಬಿಗಿಯುವ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಬೇರಿಂಗ್ ಜಾಯಿಂಟ್ ಆದರೆ ಒಬ್ಬ ಆಳು ಮಾಮೂಲಿ ಸ್ಪ್ಯಾನರ್‌ನಲ್ಲಿ ಪೂರ್ತಿ ಬಲ ಹಾಕಿ ಬಿಗಿದು, ಪ್ಲೇಟುಗಳು ಒಂದಕ್ಕೊಂದು ಕೂತರೆ ಸಾಕು. ಪೈಪ್ ಸಿಕ್ಕಿಸಿ ನೇತಾಡುವುದು ಬೇಡ. ಪೂರ್ತಿ ಎಳೆತ ಬೇಕಾದ ಜಾಯಿಂಟಿಗೆ ಟಾರ್ಕ್ ರೆಂಚ್ ಒಂದನ್ನೇ ನಂಬಬೇಡಿ. ಎಂ20 8.8ಕ್ಕೆ ಲೆಕ್ಕದ ಪ್ರಕಾರ 550 ನ್ಯೂಟನ್ ಮೀಟರ್ ಆಸುಪಾಸು ಬರುತ್ತದೆ ಅಂದುಕೊಳ್ಳಿ. ಆದರೆ ಥ್ರೆಡ್ಡಿಗೆ ಎಣ್ಣೆ ಇದ್ದರೆ ಅದೇ 550ಕ್ಕೆ ಬೋಲ್ಟು ಅತಿಯಾಗಿ ಎಳೆಯುತ್ತದೆ. ಮಳೆಯಲ್ಲಿ ನೆನೆದು ತುಕ್ಕು ಹಿಡಿದಿದ್ದರೆ ರೆಂಚ್ ಕಟಕ್ ಅನ್ನುತ್ತದೆ, ಬೋಲ್ಟಿನೊಳಗೆ ಅರ್ಧ ಎಳೆತವೂ ಇರುವುದಿಲ್ಲ. ನಾವು ಮೊದಲು ಎಲ್ಲಾ ಬೋಲ್ಟುಗಳನ್ನು ಹದವಾಗಿ ಬಿಗಿದು, ನಟ್ಟು, ಬೋಲ್ಟಿನ ತುದಿ, ಪ್ಲೇಟು ಮೂರರ ಮೇಲೂ ಒಂದೇ ಗೆರೆ ಮಾರ್ಕರ್‌ನಲ್ಲಿ ಎಳೆಯುತ್ತೇವೆ. ಆಮೇಲೆ ನಟ್ಟನ್ನು ಹೇಳಿದಷ್ಟು ಸುತ್ತು ತಿರುಗಿಸುತ್ತೇವೆ. ಅಮೆರಿಕದ ಪದ್ಧತಿಯಲ್ಲಿ ಬೋಲ್ಟಿನ ಉದ್ದ ವ್ಯಾಸದ ನಾಲ್ಕು ಪಟ್ಟಿನ ಒಳಗಿದ್ದರೆ ಮೂರನೇ ಒಂದು ಸುತ್ತು, ನಾಲ್ಕರಿಂದ ಎಂಟು ಪಟ್ಟಾದರೆ ಅರ್ಧ ಸುತ್ತು. ನಮ್ಮಲ್ಲಿ ಐಎಸ್ 4000 (ಎಚ್‌ಟಿ ಬೋಲ್ಟುಗಳ ಕೋಡ್) ನೋಡಿಕೊಳ್ಳಿ. ಗೆರೆ ಸರಿದಿರುವುದು ಕೆಳಗೆ ನಿಂತವರಿಗೂ ಕಾಣುತ್ತದೆ, ಯಾರು ಬೇಕಾದರೂ ಪರೀಕ್ಷೆ ಮಾಡಬಹುದು.

ಜಾಯಿಂಟಿನ ಮಧ್ಯದಿಂದ ಶುರು ಮಾಡಿ ಹೊರಗೆ ಬನ್ನಿ. ಒಮ್ಮೆ ಪೂರ್ತಿ ಎಳೆದು ಬಿಚ್ಚಿದ ಬೋಲ್ಟನ್ನು ಮತ್ತೆ ಅಲ್ಲಿಗೆ ಹಾಕಬೇಡಿ.

ತುಮಕೂರು ಸೈಟ್:
ಹತ್ತು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ. ಕಾಲಂಗಳನ್ನು ಎಳೆದು ನೇರ ಮಾಡಿದೆವು. ನೇರ ಆದ ತಕ್ಷಣ ಕೊರೆಯದೆ ಉಳಿದಿದ್ದ ತೂತುಗಳೆಲ್ಲ ತೂತು ಕೂಡಿಸುವ ಚೂಪು ಡ್ರಿಫ್ಟ್ ಪಿನ್‌ಗೇ ಕೂಡಿದವು! ವರ್ಕ್‌ಶಾಪಿನವರ ತಪ್ಪೇ ಇರಲಿಲ್ಲ. ಗ್ಯಾಸ್ ಎಳೆದ ಎರಡು ಆಂಗಲ್ ತೆಗೆದು ಹೊಸದು ಹಾಕಿದೆವು. ಮೂರು ಗಸೆಟ್ಟಿನಲ್ಲಿ ಎರಡನ್ನು ಕತ್ತರಿಸಿ ಹೊಸ ಪ್ಲೇಟ್ ವೆಲ್ಡ್ ಮಾಡಿದರು. ಮೂರನೆಯದರ ಹಿಂದೆ ಗೋಡೆ ಎದ್ದಿತ್ತು, ಅಲ್ಲಿ ಆಂಗಲ್ಲನ್ನೇ ಗಸೆಟ್ಟಿಗೆ ವೆಲ್ಡ್ ಮಾಡಲು ಡಿಸೈನರ್ ಬರೆದುಕೊಟ್ಟರು, ಒಟ್ಟು 300 ಮಿಮೀ ಉದ್ದ. ಸ್ಟೋರಿನ ಬೋಲ್ಟು ಮೂರನ್ನು ಲ್ಯಾಬಿಗೆ ಕಳಿಸಿದ್ದೆವು. ಮೂರೂ 500 ಮೆಗಾಪಾಸ್ಕಲ್ ದಾಟಲಿಲ್ಲ. 800 ಎಲ್ಲಿ, ಇದು ಎಲ್ಲಿ. ಪೂರ್ತಿ ಲಾಟ್ ವಾಪಸ್ ಹೋಯಿತು.

ಮೇಸ್ತ್ರಿಯವರು ಲ್ಯಾಬ್ ರಿಪೋರ್ಟ್ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಈಗ ಬೋಲ್ಟಿನ ಪೆಟ್ಟಿಗೆ ಬಂದರೆ ಮೊದಲು ತಲೆ ತಿರುಗಿಸಿ ಗುರುತು ನೋಡುವವರು ಅವರೇ.

ಕೊನೆಯದಾಗಿ ಒಂದು. ರಾಫ್ಟರ್ (ಚಾವಣಿಯ ಇಳಿಜಾರು ಬೀಮ್) ಕಾಲಂ ಸೇರುವ ಕಡೆ ಎಂಡ್ ಪ್ಲೇಟುಗಳ (ತುದಿಗೆ ವೆಲ್ಡ್ ಮಾಡಿದ ಪ್ಲೇಟು) ನಡುವೆ ಒಂದು ಜಾಗದಲ್ಲಿ ಕೆಳಗಡೆ 3 ಮಿಮೀ ಸಂದಿ ಕಾಣುತ್ತಿದೆ, ಮೇಲೆ ಕೂತಿದೆ. ಬೋಲ್ಟು ಎಳೆದು ಮುಚ್ಚಲಾ?

ಹಳೇ ಡಿಸೈನರ್:
ಎಳೆದು ಮುಚ್ಚಬೇಡಿ. ದಪ್ಪ ಪ್ಲೇಟನ್ನು ಬಗ್ಗಿಸುವುದಕ್ಕೇ ಬೋಲ್ಟಿನ ಎಳೆತ ಖರ್ಚಾಗುತ್ತದೆ, ಗಾಳಿ ಬಂದಾಗ ಬೇಕಾದ ಎಳೆತ ಉಳಿಯುವುದಿಲ್ಲ. ಶೆಡ್ಡಿನ ತೂಕ ಬಿದ್ದಾಗ ಆ ಜಾಯಿಂಟಿನ ಕೆಳಭಾಗ ಒತ್ತುತ್ತದೆ, ಒತ್ತುವ ಕಡೆ ಲೋಹಕ್ಕೆ ಲೋಹ ಮುಟ್ಟಲೇಬೇಕು. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ ಸಂದಿ ಎಷ್ಟು ಒಳಗೆ ಹೋಗಿದೆ ಅಳೆಯಿರಿ. ಫ್ಲಾಂಜಿನ (ಬೀಮಿನ ಅಂಚಿನ ಅಗಲ ಪಟ್ಟಿ) ನೇರಕ್ಕೆ ಸಂದಿ ಇದ್ದರೆ ಬೋಲ್ಟಿಗೆ ಕಚ್ಚು ಬಿಟ್ಟ ಉಕ್ಕಿನ ಶಿಮ್ (ಸಂದಿ ತುಂಬುವ ತೆಳು ತಗಡು) ಬಿಗಿಯಾಗಿ ತುಂಬಿಸಿ, ಆಮೇಲೆ ಬಿಗಿಯಿರಿ. ಸಂದಿಯ ಅಳತೆ, ಶಿಮ್ ದಪ್ಪ, ಫೋಟೋ ಮೂರನ್ನೂ ಇವತ್ತೇ ನಿಮ್ಮ ಡಿಸೈನರ್‌ಗೆ ಕಳಿಸಿ, ಅವರು ಸರಿ ಅಂದ ಮೇಲೆ ಕೈ ಹಾಕಿ.

ತುಮಕೂರು ಸೈಟ್:
ಅಳೆದೆ ಸರ್. ಸಂದಿ ಫ್ಲಾಂಜ್ ತನಕ ಹೋಗಿದೆ. ಫೋಟೋ ಕಳಿಸಿದ್ದೇನೆ, ಉತ್ತರಕ್ಕೆ ಕಾಯುತ್ತಿದ್ದೇನೆ. ಅಲ್ಲಿಯವರೆಗೆ ಆ ಫ್ರೇಮಿನ ಗೈ ರೋಪ್ ಬಿಚ್ಚಬೇಡಿ ಅಂತ ಹೇಳಿದ್ದೇನೆ.